ಮಂಗಳವಾರಕ್ಕೆ ಮುಂಚೆ ಒಂದು ಕೂಗು

ಅಣ್ಣ ಕ್ಲೇಬೇರನ ಗಂಟಲಿನ ಆಪರೇಷನ್ನು ಮಂಗಳವಾರ ಎಂದು ಗೊತ್ತಾಗಿತ್ತು. ಲಫಾಯೆಟ್‌ನ ಡಾಕ್ಟರು ಪಟ ಬರೆದು ತೋರಿಸಿ, ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು, ಆಮೇಲೆ ಉಸಿರು ಕುತ್ತಿಗೆಯಲ್ಲಿ ಮಾಡುವ ತೂತಿನಿಂದ ಆಡುತ್ತದೆ, ಬದುಕುವುದಕ್ಕೇನೂ ಅಡ್ಡಿಯಿಲ್ಲ ಎಂದು ಸಮಾಧಾನವಾಗಿ ವಿವರಿಸಿದರಂತೆ. ಎಲ್ಲ ಕೇಳಿಸಿಕೊಂಡ ಅಣ್ಣ ಒಂದೇ ಪ್ರಶ್ನೆ ಕೇಳಿದನಂತೆ: "ಆಮೇಲೆ ಹೆಬ್ಬಾತು ಕರೆಯೋದು ಹೇಗೆ?" ಡಾಕ್ಟರು ದೂರದ ಊರಿನವರು, ತಮಾಷೆ ಅಂದುಕೊಂಡು ನಕ್ಕರಂತೆ. ಅತ್ತಿಗೆ ಲೊರೀನಾ ಇದನ್ನು ಫೋನಿನಲ್ಲಿ ಹೇಳುವಾಗ ಅಳುತ್ತಿದ್ದಳು, ನಡುವೆ ಒಂದೆರಡು ಸಲ ನಕ್ಕಳು ಕೂಡ.

ನಮ್ಮ ಕಡೆ ಇದು ತಮಾಷೆಯ ಮಾತಲ್ಲ. ಚಳಿಗಾಲಕ್ಕೆ ಉತ್ತರದಿಂದ ಬರುವ ಹೆಬ್ಬಾತುಗಳಲ್ಲಿ ಒಂದು ಜಾತಿಯದು ಮನುಷ್ಯರ ಹಾಗೆ ನಗುತ್ತದೆ. ಹೊಟ್ಟೆಯ ಮೇಲೆ ಕಪ್ಪು ಪಟ್ಟೆ, ಕೊಕ್ಕಿನ ಬುಡದಲ್ಲಿ ಬಿಳಿ. ಕೂಗು ಮಾತ್ರ ಹೆಂಗಸರು ಬೇಲಿಯಾಚೆ ನಿಂತು ಯಾರನ್ನೋ ಆಡಿಕೊಂಡು ನಕ್ಕ ಹಾಗೆ. ಬಹಳ ಅನುಮಾನದ ಹಕ್ಕಿ. ಸಾಮಾನ್ಯ ಬಾತುಕೋಳಿಯನ್ನು ಯಾರು ಬೇಕಾದರೂ ಕರೆದು ಇಳಿಸಬಹುದು. ಈ ನಗೆ ಹೆಬ್ಬಾತನ್ನು ಇಳಿಸಬೇಕಾದರೆ ಅದರ ಜೊತೆ ಮಾತಿಗೆ ಕೂರಬೇಕು. ಅದು ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡಬೇಕು, ಸುಮ್ಮನಿರಬೇಕಾದಲ್ಲಿ ಸುಮ್ಮನಿರಬೇಕು. ಒಂದು ಸ್ವರ ಹುಸಿಯಾದರೂ ಆಕಾಶದಲ್ಲೇ ತಿರುಗಿ ಹೋಗಿಬಿಡುತ್ತದೆ. ಹಕ್ಕಿಯ ದನಿ ಹೊರಡಿಸುವ ಮರದ ಕೊಳವೆ ಊದದೆ ಬರಿಯ ಬಾಯಿಂದ ಅದನ್ನು ಕರೆದು ಇಳಿಸುವವರು ಲೂಯಿಸಿಯಾನಾದ ಈ ಕಡಲಂಚಿನಲ್ಲಿ ಈಗ ಬೆರಳೆಣಿಕೆಯಷ್ಟು. ಅವರಲ್ಲಿ ಕ್ಲೇಬೇರನೇ ಮೊದಲಿನವನು ಎಂದು ನಾನು ತಂಗಿಯಾಗಿ ಹೇಳುತ್ತಿಲ್ಲ. ಅವನನ್ನು ಕಂಡರಾಗದವರೂ ಹಾಗೇ ಹೇಳುತ್ತಾರೆ, ಅಂಥವರು ಸಾಕಷ್ಟು ಜನ ಇದ್ದಾರೆ.

ಗುರುವಾರ ಅವನೇ ನನ್ನ ಅಡುಗೆಮನೆಗೆ ಬಂದ. ನಾನು ಗಂಬೋ ಸಾರಿಗೆ ಈರುಳ್ಳಿ ಹೆಚ್ಚುತ್ತಿದ್ದೆ. ಬಾಗಿಲಲ್ಲೇ ನಿಂತು ಟೋಪಿ ತೆಗೆದ. ದನಿ ಆಗಲೇ ಮರಕ್ಕೆ ಉಜ್ಜುಕಾಗದ ತಿಕ್ಕಿದ ಹಾಗಾಗಿತ್ತು.

"ಯೂಲಾ, ಶನಿವಾರ ಹಕ್ಕಿ ನೋಡೋಕೆ ಹೋಗ್ತೀಯಾ?"

"ಹೋಗ್ತೀನಿ. ಯಾಕೆ?"

"ನನ್ನನ್ನೂ ಕರ್ಕೊಂಡು ಹೋಗು."

"ನೀನು ಹಕ್ಕಿ ನೋಡ್ತೀಯಾ? ಗುಂಡು ಹೊಡೀದೆ, ಸುಮ್ನೆ?"

"ನೀನು ನೋಡು, ಶಾ. ನಾನು ಕರೀತೀನಿ. ಮಂಗಳವಾರಕ್ಕೆ ಮುಂಚೆ ಒಂದೇ ಒಂದು ಹೆಬ್ಬಾತು ನನ್ನ ಕೂಗಿಗೆ ಇಳಿದು ಬಂದ್ರೆ ಸಾಕು. ಆಮೇಲೆ ಆ ಡಾಕ್ಟರು ಏನು ಬೇಕಾದ್ರೂ ಕೊಯ್ಕೊಳ್ಲಿ."

ಅವನು 'ಶಾ' ಎನ್ನುವುದು ಏನಾದರೂ ಬೇಕಾದಾಗ ಮಾತ್ರ. ನಮ್ಮಲ್ಲಿ ಮಕ್ಕಳಿಗೂ ಹೆಂಡತಿಗೂ ಅಂಗಡಿಗೆ ಬಂದ ಅಪರಿಚಿತರಿಗೂ ಎಲ್ಲರೂ ಬಾಯಿತುಂಬ ಶಾ ಎನ್ನುತ್ತಾರೆ, ಪ್ರೀತಿಯ ಮಾತು. ಕ್ಲೇಬೇರ್ ಅದನ್ನು ಉಪ್ಪಿನ ಹಾಗೆ ಚಿಟಿಕೆ ಲೆಕ್ಕದಲ್ಲಿ ಬಳಸುವವನು.

"ಲೊರೀನಾ ಏನಂದ್ಳು?"

"ಒಬ್ಬನೇ ಹೋದ್ರೆ ವಾಪಸ್ ಬಂದಾಗ ಬಾಗಿಲು ತೆಗೆಯಲ್ಲ ಅಂದ್ಳು. ನಿನ್ನ ಜೊತೆ ಆದ್ರೆ ಸರಿಯಂತೆ. ನೀನು ಬುದ್ಧಿ ಇರೋ ಹೆಂಗಸಂತೆ. ಅವಳಿಗೆ ನಿನ್ನ ಪರಿಚಯ ಕಮ್ಮಿ."

"ಓವೀಗೆ ಹೇಳಿದೀಯಾ? ಆಪರೇಷನ್ ವಿಷಯ?"

ಅವನು ಟೋಪಿಯನ್ನು ಮತ್ತೆ ತಲೆಗೆ ಹಾಕಿಕೊಂಡ. "ಹೇಳಿಲ್ಲ. ನೀನೂ ಹೇಳ್ಬೇಡ. ಆಣೆ ಹಾಕು."

ಈರುಳ್ಳಿಯ ಕೈಯಲ್ಲೇ ಎದೆಯ ಮೇಲೆ ಶಿಲುಬೆ ಗುರುತು ಹಾಕಿದೆ. ಕಣ್ಣಲ್ಲಿ ನೀರು ಬಂತು. ಈರುಳ್ಳಿಯದ್ದೇ ಎಂದು ಅವನೂ ನಂಬಿದ, ನಾನೂ ನಂಬಿದೆ.

ಓವೀ ನಮ್ಮಿಬ್ಬರ ತಮ್ಮ. ಅಣ್ಣನಿಗೂ ಅವನಿಗೂ ಮಾತು ಬಿಟ್ಟುಹೋಗಿ ವರ್ಷಗಳೇ ಆಗಿದ್ದವು. ಕಾರಣ ಕೇಳಿದರೆ ಹೊರಗಿನವರು ನಗುತ್ತಾರೆ. ನಮ್ಮೂರಿನ ಬಾತುಕೋಳಿ ಹಬ್ಬದಲ್ಲಿ ಪ್ರತಿ ವರ್ಷ ಕೂಗುವ ಸ್ಪರ್ಧೆ ನಡೆಯುತ್ತದೆ. ಆ ವರ್ಷ ಓವೀ ತಾನೇ ಕಡೆದು ಮಾಡಿದ ಮರದ ಕೊಳವೆ ಊದಿ ಕ್ಲೇಬೇರನ ಬಾಯಿಯನ್ನು ಸೋಲಿಸಿಬಿಟ್ಟ. ಬಹುಮಾನ ಕೊಡುವ ಹೊತ್ತಿಗೆ ಅಣ್ಣ ಇಡೀ ಊರಿನೆದುರು ತೀರಿಹೋದ ನಮ್ಮ ತಂದೆಯ ಹೆಸರೆತ್ತಿ, "ಪಾಪಾ ಬದುಕಿದ್ದಿದ್ರೆ ನಿನ್ನನ್ನ ಆ ಕೊಳವೆ ಸಮೇತ ಕಾಲುವೆಗೆ ಎಸೀತಿದ್ದ" ಎಂದ. ತಮ್ಮ ಏನೋ ಹೇಳಲು ಬಾಯಿ ತೆರೆದ. ಅಣ್ಣ ಬೆನ್ನು ತಿರುಗಿಸಿದ. ಅಷ್ಟೇ. ಅಂದಿನಿಂದ ಚರ್ಚಿನಲ್ಲಿ ಒಬ್ಬ ಎಡಗಡೆ, ಒಬ್ಬ ಬಲಗಡೆ. ಕ್ರಿಸ್‌ಮಸ್ಸಿಗೆ ನನ್ನ ಮನೆಗೆ ಒಬ್ಬ ಮಧ್ಯಾಹ್ನ ಬರುತ್ತಾನೆ, ಇನ್ನೊಬ್ಬ ಸಂಜೆ ಬರುತ್ತಾನೆ. ನಾನು ಎರಡು ಸಲ ಗಂಬೋ ಮಾಡುತ್ತೇನೆ. ಮಧ್ಯಾಹ್ನದ್ದನ್ನೇ ಸಂಜೆ ಬಿಸಿ ಮಾಡಿ ಬಡಿಸಿದ ವರ್ಷ ಓವೀ ಒಂದು ಚಮಚ ಬಾಯಿಗಿಟ್ಟು, "ಇದು ಅವನು ಉಳಿಸಿದ್ದು ತಾನೇ?" ಎಂದು ತಟ್ಟೆ ಸರಿಸಿದ್ದ.

ಶನಿವಾರ ನಾವು ದೋಣಿಕಟ್ಟೆ ತಲುಪಿದಾಗ ಮಂಜು ಎಷ್ಟಿತ್ತೆಂದರೆ ದೋಣಿಯ ಈ ತುದಿಯಲ್ಲಿ ಕೂತವಳಿಗೆ ಆ ತುದಿಯಲ್ಲಿ ಕೂತ ಅಣ್ಣ ನೆರಳಿನಂತೆ ಕಾಣುತ್ತಿದ್ದ. ಎರಡು ದಿನ ದಕ್ಷಿಣದ ಬೆಚ್ಚನೆಯ ಗಾಳಿ ಬೀಸಿದರೆ ಜನವರಿಯಲ್ಲಿ ನಮ್ಮ ಕಡಲಂಚು ಹೀಗೇ ಆಗುತ್ತದೆ. ಕಟ್ಟೆಯ ಪಕ್ಕದಲ್ಲಿ ಸರ್ಕಾರದ ಫಲಕ: ವನ್ಯಜೀವಿ ಪ್ರದೇಶ, ಬೇಟೆ ಮಧ್ಯಾಹ್ನ ಹನ್ನೆರಡರವರೆಗೆ, ಆಮೇಲೆ ಮೀನು ಹಿಡಿಯಬಹುದು, ಹಕ್ಕಿ ನೋಡಬಹುದು, ಕೋವಿಯಲ್ಲಿ ತೋಟಾ ಇರಕೂಡದು. ಕ್ಲೇಬೇರ್ ಪ್ರತಿ ಸಲದಂತೆ ಫಲಕಕ್ಕೆ ಟೋಪಿ ಎತ್ತಿ ನಮಸ್ಕಾರ ಹೇಳಿದ.

"ನಮ್ಮನೆಗೆ ನಾವು ಹೋಗೋಕೆ ಇವನ ಪರ್ಮಿಷನ್ನು."

ಒಂದು ಕಾಲದಲ್ಲಿ ಅದು ನಮ್ಮದೇ ಆಗಿತ್ತು, ಆ ಮಾತು ನಿಜ. ನಮ್ಮ ತಂದೆ, ಪಾಪಾ, ಅಲ್ಲಿ ಚರ್ಮಕ್ಕೆಂದು ನೀರಿಲಿಗಳಿಗೆ ಬೋನು ಇಡುತ್ತಿದ್ದ. ಚಳಿಗಾಲವಿಡೀ ನಾವು ಜೌಗಿನ ನಡುವೆ ಕಂಬಗಳ ಮೇಲೆ ನಿಂತ ಪುಟ್ಟ ಮರದ ಮನೆಯಲ್ಲಿರುತ್ತಿದ್ದೆವು. ಬೆಳಗಾದರೆ ಕಾಫಿಯ ವಾಸನೆ, ಒಣಹಾಕಿದ ಚರ್ಮದ ವಾಸನೆ, ಉಪ್ಪುನೀರಿನ ವಾಸನೆ. ನಮ್ಮ ತಾಯಿ, ಮಾಮಾ, ಹಕ್ಕಿ ಸುಲಿಯುವ ಕೆಲಸ ನನ್ನ ಪಾಲಿಗೆ ಹಾಕುತ್ತಿದ್ದಳು. ನಾಮದ ಕೋಳಿಗಳು, ಬಾತುಗಳು, ಹೆಬ್ಬಾತುಗಳು. ಅವುಗಳ ರೆಕ್ಕೆಯ ಒಳಗಿನ ಬಣ್ಣವನ್ನು ನಾನು ಕಲಿತದ್ದು ಹಾಗೆ, ಒಂದೊಂದೇ ಗರಿ ಕಿತ್ತು. ಹೈಸ್ಕೂಲಿನ ಅಡುಗೆಮನೆಯಿಂದ ನಿವೃತ್ತಳಾದ ಮೇಲೆ ದುರ್ಬೀನು ಕೊಂಡು ಹಕ್ಕಿ ನೋಡಲು ಶುರು ಮಾಡಿದಾಗ ಅಣ್ಣತಮ್ಮಂದಿರಿಬ್ಬರೂ, ಬೇರೆ ಬೇರೆ ಹೊತ್ತಿನಲ್ಲಿ, ಒಂದೇ ಮಾತು ಹೇಳಿ ನಕ್ಕರು: "ಅಷ್ಟು ಸುಲಿದೋಳು ಈಗ ಕ್ಷಮೆ ಕೇಳೋಕೆ ಹೋಗ್ತಿದಾಳೆ."

ಚಂಡಮಾರುತ ಆ ಮನೆಯನ್ನು ಎತ್ತಿಕೊಂಡು ಹೋಯಿತು. ನೀರಿಲಿಯ ಚರ್ಮ ಕೊಳ್ಳುವವರು ಇಲ್ಲದಾದರು. ಪಾಪಾ ಜೌಗನ್ನು ಮಾರಿದ, ಕೊಂಡವರು ಸರ್ಕಾರಕ್ಕೆ ಕೊಟ್ಟರು. ನಮಗೆ ಉಳಿದದ್ದು ಅವನು ಕಲಿಸಿದ ಕೂಗು.

ಕಲಿಸುತ್ತಿದ್ದ ಬಗೆಯೂ ಒಂದು ಚೆಂದ. ಹುಡುಗರಿಬ್ಬರನ್ನೂ ಕಾಲುವೆಯ ಆಚೆಗೊಬ್ಬ ಈಚೆಗೊಬ್ಬ ನಿಲ್ಲಿಸಿ ತಾನು ಮೆಟ್ಟಿಲ ಮೇಲೆ ಕಣ್ಣುಮುಚ್ಚಿ ಕೂರುತ್ತಿದ್ದ. ಕ್ಲೇಬೇರ್ ಕೇಳಬೇಕು, ಓವೀ ಉತ್ತರಿಸಬೇಕು. ತಪ್ಪಿದರೆ ಪಾಪಾ ತಾನೇ ಉತ್ತರ ಕೊಟ್ಟು ತೋರಿಸುತ್ತಿದ್ದ: ಎರಡು ಮೇಲಕ್ಕೆ, ಒಂದು ಕೆಳಕ್ಕೆ, ಕೊನೆಯದು ನಕ್ಕು ಸುಸ್ತಾದವನ ಹಾಗೆ ಜಾರಿಹೋಗುವುದು. "ಒಂಟಿ ಹಕ್ಕಿ ಕೂಗಿದ್ರೆ ಯಾರು ಇಳೀತಾರೆ? ಇಬ್ಬರು ಮಾತಾಡ್ತಿದ್ರೆ ಅಲ್ಲಿ ಊಟ ಇದೆ ಅಂತ ಅರ್ಥ" ಎನ್ನುತ್ತಿದ್ದ. ನನಗೆ ಕಲಿಸಲಿಲ್ಲ. ಕದ್ದು ಕೇಳಿಸಿಕೊಂಡು ನಾನೂ ಕಲಿತೆ ಅನ್ನಿ, ಆದರೆ ನನ್ನ ಕೂಗು ಕೇಳಿದರೆ ಹೆಬ್ಬಾತು ಇರಲಿ, ನಮ್ಮ ಕೋಳಿಗಳೂ ಗೂಡು ಸೇರುತ್ತಿದ್ದವು.

ಜೊಂಡಿನ ಮರೆಯಲ್ಲಿ ದೋಣಿ ನಿಲ್ಲಿಸಿ, ಗೊಂಬೆ ಹೆಬ್ಬಾತುಗಳನ್ನು ನೀರಿಗೆ ಬಿಟ್ಟೆವು. ಅಣ್ಣ ಕೋವಿಗೆ ತೋಟಾ ತುಂಬಿ ಪಕ್ಕಕ್ಕಿಟ್ಟುಕೊಂಡ; ಹಗ್ಗ ಬಿಡಿಸಿದ್ದು ನಾನು. ಕಪ್ಪು ಕಾಫಿ ಕುಡಿದೆವು. ನಾನು ಕೋಳಿಯ ಕುತ್ತಿಗೆ ಕಟ್ಟಿದ ದಾರಗಳನ್ನು ದೋಣಿಯ ಬದಿಯಿಂದ ಏಡಿಗೆಂದು ಇಳಿಬಿಟ್ಟೆ. ಚಳಿಗಾಲದಲ್ಲಿ ಏಡಿ ಕಡಿಮೆಯೇ, ಆದರೂ ಕೈ ಸುಮ್ಮನಿರುವುದಿಲ್ಲ.

"ಕೋಳಿ ಕುತ್ತಿಗೆ ನನ್ನ ಮುಂದೆ ಆಡಿಸ್ಬೇಡ, ಮಂಗಳವಾರ ನೆನಪಾಗತ್ತೆ" ಎಂದ ಕ್ಲೇಬೇರ್.

"ಅದಕ್ಕಾದ್ರೂ ಏಡಿ ಬರತ್ತೆ. ನಿನ್ನದಕ್ಕೆ ಯಾರು ಬರ್ತಾರೆ ನೋಡೋಣ."

ಅವನು ನಕ್ಕ, ನಗು ಕೆಮ್ಮಾಯಿತು. ಆಮೇಲೆ ಎರಡೂ ಅಂಗೈಗಳನ್ನು ಬಾಯಿಗೆ ಗೂಡು ಮಾಡಿಕೊಂಡು ಕರೆದ.

ನಾನು ಆ ಕೂಗನ್ನು ಹುಟ್ಟಿದಾಗಿನಿಂದ ಕೇಳಿದವಳು. ಅದು ಹೀಗಿರಲಿಲ್ಲ. ಮೇಲಕ್ಕೆ ಏರುವ ಕಡೆ ದನಿ ಸೀಳುತ್ತಿತ್ತು, ಕೆಳಗಿಳಿಯುವ ಕಡೆ ಬರೀ ಗಾಳಿ. ಮೇಲೆ ಎಲ್ಲೋ, ಮಂಜಿನ ಆಚೆ, ಒಂದು ಹಿಂಡು ಮಾತಾಡಿಕೊಂಡು ಹೋಯಿತು. ಅವನು ಕರೆದ. ಹಿಂಡು ಒಂದು ಗಳಿಗೆ ಮೌನವಾಯಿತು, ಕಿವಿಗೊಟ್ಟಿತು ಎಂದು ನಮಗಿಬ್ಬರಿಗೂ ಗೊತ್ತಾಯಿತು. ಆಮೇಲೆ ತನ್ನ ಪಾಡಿಗೆ ಪಶ್ಚಿಮಕ್ಕೆ ಹೋಯಿತು. ಎರಡನೆಯ ಹಿಂಡೂ ಹಾಗೇ. ಮೂರನೆಯದಕ್ಕೆ ಅವನು ಕೂಗಲು ಹೋಗಿ ಕೆಮ್ಮುತ್ತಾ ಮೊಣಕಾಲ ಮೇಲೆ ತಲೆಯಿಟ್ಟ.

"ಸಾಕು ಮಾಡು. ನೀರು ಕುಡಿ" ಎಂದೆ.

"ಪಾಪಾ ನ್ಯುಮೋನಿಯಾದಲ್ಲೂ ಕರೆದು ಇಳಿಸಿದ್ದ."

"ಪಾಪಾ ಸುಳ್ಳೂ ಚೆನ್ನಾಗಿ ಹೇಳ್ತಿದ್ದ."

ಅವನು ನೀರು ಕುಡಿದು, ಬಾಯೊರೆಸಿಕೊಂಡು, ಮತ್ತೆ ಕೈಯನ್ನು ಗೂಡು ಮಾಡಿದ. ಈ ಸಲ ಮೆಲ್ಲಗೆ, ಇದ್ದಷ್ಟೇ ದನಿಯಲ್ಲಿ ಕೇಳಿದ.

ಮಂಜಿನೊಳಗಿಂದ ಉತ್ತರ ಬಂತು.

ಎರಡು ಮೇಲಕ್ಕೆ, ಒಂದು ಕೆಳಕ್ಕೆ, ಕೊನೆಯದು ಜಾರಿದ್ದು. ಪಾಪಾ ಕೊಡುತ್ತಿದ್ದ ಉತ್ತರವೇ. ಅಣ್ಣ ನನ್ನ ಕಡೆ ನೋಡಲಿಲ್ಲ. ಕಣ್ಣು ಮಾತ್ರ ಹುಡುಗನ ಕಣ್ಣಾಗಿತ್ತು. ಮತ್ತೆ ಕೇಳಿದ. ಮತ್ತೆ ಉತ್ತರ, ಈ ಸಲ ತುಸು ಹತ್ತಿರದಿಂದ.

"ಒಂಟಿ ಹಕ್ಕಿ" ಎಂದು ಪಿಸುಗುಟ್ಟಿದ. "ಗಂಡು. ದೊಡ್ಡದು."

"ಹಾರ್ತಿಲ್ಲವಲ್ಲ, ಈಜ್ಕೊಂಡು ಬರ್ತಿದೆ."

"ಇಂಥ ಮಂಜಲ್ಲಿ ಇಷ್ಟು ಕೆಳಗೆ ಯಾವ ಹಕ್ಕಿ ಹಾರತ್ತೆ? ನೀನು ದುರ್ಬೀನು ನೋಡು, ನನಗೆ ಕಲಿಸ್ಬೇಡ."

ಕೇಳುವುದು, ಉತ್ತರ, ಕೇಳುವುದು, ಉತ್ತರ. ಅವನ ಸೀಳು ದನಿಗೆ ಅದು ಎಷ್ಟು ತಾಳ್ಮೆಯಿಂದ ಉತ್ತರಿಸುತ್ತಿತ್ತೆಂದರೆ, ಅವನು ಕೆಮ್ಮಿದಾಗ ಕಾಯುತ್ತಿತ್ತು. ಯಾವ ಹಕ್ಕಿ ಕೆಮ್ಮಿಗೆ ಕಾಯುತ್ತದೆ ಎಂದು ನಾನು ಯೋಚಿಸಬೇಕಾಗಿತ್ತು. ಯೋಚಿಸಲಿಲ್ಲ. ಆ ಮಂಜಿನಲ್ಲಿ ನನಗೆ ಕಾಣುತ್ತಿದ್ದದ್ದು ಕಂಬಗಳ ಮೇಲಿನ ಮನೆ, ಅದರ ಮೆಟ್ಟಿಲು, ಮೆಟ್ಟಿಲ ಮೇಲೆ ಕಣ್ಣುಮುಚ್ಚಿ ಕೂತ ಪಾಪಾ. ಇನ್ನೊಂದು ಸಲ ಉತ್ತರ ಬಂದರೆ ಅವನೇ ಜೊಂಡು ಸರಿಸಿ ಬರುತ್ತಾನೇನೋ ಅನ್ನಿಸಿತ್ತು.

ಜೊಂಡು ಸರಿಯಿತು. ಅಣ್ಣ ಕೋವಿಗೆ ಕೈಯಿಟ್ಟ. ನಾನು ದುರ್ಬೀನಿನಲ್ಲಿ ನೋಡಿದೆ, ಕೈ ಚಾಚಿ ಕೋವಿಯ ನಳಿಗೆಯನ್ನು ಕೆಳಗೆ ಒತ್ತಿ ಹಿಡಿದೆ.

"ಬಿಡು ಅದನ್ನ. ಆ ಹೆಬ್ಬಾತು ಟೋಪಿ ಹಾಕ್ಕೊಂಡಿದೆ."

ಸೊಂಟದ ತನಕ ಕೆಸರಾದ ಮನುಷ್ಯನೊಬ್ಬ ತನ್ನ ಕಿರುದೋಣಿಯನ್ನು ಕೈಯಲ್ಲಿ ಎಳೆದುಕೊಂಡು ಜೊಂಡಿನಿಂದ ಹೊರಬಂದ. ಕೊರಳಲ್ಲಿ ದಾರ, ದಾರದ ತುದಿಯ ಕೊಳವೆ ತುಟಿಯ ನಡುವೆ. ನಮ್ಮನ್ನು ಕಂಡು ನಿಂತ. ಕೊಳವೆ ಬಾಯಿಂದ ಜಾರಿ ಎದೆಗೆ ಬಡಿಯಿತು.

ಓವೀ.

ಹೊಸಬರು ಜೌಗಿನಲ್ಲಿ ಒಬ್ಬರನ್ನೊಬ್ಬರು ಹೆಬ್ಬಾತೆಂದು ಕರೆದುಕೊಳ್ಳುವುದು ನಮ್ಮಲ್ಲಿ ಹಳೆಯ ನಗೆಪಾಟಲು. ಪೇಟೆಯಿಂದ ಬಂದವರ ಬಗ್ಗೆ ಅಂಥ ಕತೆ ಹೇಳಿ ನಗುವುದರಲ್ಲಿ ನಮ್ಮಣ್ಣತಮ್ಮಂದಿರು ಎತ್ತಿದ ಕೈ. ಈಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತರು. ಮೊದಲು ಮಾತಾಡಿದವನು ಸೋತ ಹಾಗೆ. ನನಗೆ ಅದರ ಹಂಗಿರಲಿಲ್ಲ.

"ಓವೀ, ಕಾಫಿ ಇದೆ" ಎಂದೆ.

"ಯೂಲಾ, ಅವನಿಗೆ ಹೇಳು" ಎಂದ ಓವೀ, ಅಣ್ಣನನ್ನೇ ನೋಡುತ್ತಾ, "ಇಂಥ ಕೂಗು ಕೂಗಿ ಜನರನ್ನ ಕೆಸರಲ್ಲಿ ಅಲೆಸ್ಬಾರದು ಅಂತ."

"ಯೂಲಾ, ಅವನಿಗೆ ಹೇಳು" ಎಂದ ಕ್ಲೇಬೇರ್, "ಬಾ ಅಂತ ಯಾರೂ ಕರೀಲಿಲ್ಲ ಅಂತ."

"ನೀನೇ ಕರೀತಾ ಇದ್ದೆಯಲ್ಲ, ಕ್ಲೇಬೇರ್. ಬೆಳಗಿಂದ" ಎಂದೆ ನಾನು. "ಇಬ್ಬರ ನಡುವೆ ಅಂಚೆ ಹಂಚೋಕೆ ನಾನು ಬಂದಿಲ್ಲ. ಮಾತಾಡೋದಿದ್ರೆ ನೇರ ಮಾತಾಡಿ, ಇಲ್ದಿದ್ರೆ ಸುಮ್ನಿರಿ, ನನಗೆ ಏಡಿ ಇದೆ."

ಓವೀ ದೋಣಿಯ ಅಂಚು ಹಿಡಿದು ಉಸಿರು ತೆಗೆದುಕೊಂಡ. ದೊಡ್ಡ ಕೊಳದ ಆಚೆಯಿಂದ, ಒಂದು ಗಳಿಗೆ ತೇಲಿ ಒಂದು ಗಳಿಗೆ ಎಳೆದು, ಅಷ್ಟು ದೂರ ಬಂದಿದ್ದ.

"ಎಂಥ ಹಕ್ಕಿ ಅಂದ್ಕೊಂಡು ಬಂದೆ?" ಕ್ಲೇಬೇರ್ ಕೊನೆಗೂ ನೇರವಾಗಿ ಕೇಳಿದ. ದನಿಯಲ್ಲಿ ಸ್ವಲ್ಪ ಜಂಬವಿತ್ತು. "ದೊಡ್ಡ ಗಂಡು ಅಂದ್ಕೊಂಡ್ಯಾ?"

"ಗಾಯದ್ದು ಅಂದ್ಕೊಂಡೆ" ಎಂದ ಓವೀ. "ಯಾರೋ ಬೆಳಿಗ್ಗೆ ಗುಂಡು ಹೊಡೆದು ಹುಡುಕದೆ ಬಿಟ್ಟುಹೋಗಿದಾರೆ ಅಂದ್ಕೊಂಡೆ. ದನಿ ಹರಿದುಹೋಗಿತ್ತು. ಗಾಯದ ಹಕ್ಕಿನ ಜೌಗಲ್ಲಿ ಬಿಟ್ಟು ಮನೆಗೆ ಹೋದ್ರೆ ಪಾಪಾ ಊಟ ಹಾಕ್ತಿದ್ನಾ? ಅದಕ್ಕೇ ಬಂದೆ. ಉತ್ತರ ಕೊಡ್ತಾ ಇದ್ರೆ ದಿಕ್ಕು ಸಿಗತ್ತೆ ಅಂತ ಊದ್ತಾ ಬಂದೆ." ಆಮೇಲೆ ನಗಲು ನೋಡಿದ. "ನೋಡಿದ್ರೆ ನೀನು. ಏನಾಗಿದೆ ನಿನ್ನ ಗಂಟಲಿಗೆ, ಶೀತಾನಾ? ಮುದಿ ಹೆಬ್ಬಾತಿನ ಥರ ಆಗಿದೆ."

ಕ್ಲೇಬೇರ್ ನನ್ನ ಕಡೆ ತಿರುಗಿ, ಆಣೆಯಿಂದ ನನ್ನನ್ನು ಬಿಡಿಸುವವನ ಹಾಗೆ ಗಲ್ಲ ಎತ್ತಿದ. ಅದು ನಾನು ಹೇಳುವ ಮಾತಾಗಿರಲಿಲ್ಲ, ಏಡಿಯ ದಾರದ ಕಡೆ ತಿರುಗಿದೆ.

"ಗಾಯದ್ದೇ" ಎಂದ ಅಣ್ಣ. "ಸರಿಯಾಗೇ ಕೇಳಿಸ್ಕೊಂಡಿದೀಯ. ಮಂಗಳವಾರ ಧ್ವನಿಪೆಟ್ಟಿಗೆ ತೆಗೀತಾರೆ. ಪೂರ್ತಿ."

ಮಂಜಿನಲ್ಲಿ ಮೀನೊಂದು ನೀರು ಬಡಿದ ಸದ್ದು. ಓವೀ ನೀರಿನಲ್ಲಿ ನಿಂತೇ ಇದ್ದ. ಟೋಪಿ ತೆಗೆದ, ಹಾಕಿಕೊಂಡ, ಮತ್ತೆ ತೆಗೆದ.

"ಯಾವ ಮಂಗಳವಾರ?"

"ಇದೇ, ಬರೋದು."

"ನನಗೆ ಯಾವಾಗ ಹೇಳ್ಬೇಕು ಅಂತಿದ್ದೆ, ಬುಧವಾರಾನಾ?"

"ಬುಧವಾರ ಹೇಳೋಕಾಗ್ತಿರ್ಲಿಲ್ಲ" ಎಂದ ಕ್ಲೇಬೇರ್.

ಅವನು ತಮಾಷೆಗೇ ಹೇಳಿದ್ದು. ಓವೀ ನಗಲಿಲ್ಲ. ಕಾಲುವೆಯ ಆಚೆ ನಿಂತು ತಪ್ಪಿ ಕೂಗಿದಾಗ ಅವನ ಮುಖ ಹೇಗಾಗುತ್ತಿತ್ತೋ ಹಾಗೇ ಆಗಿತ್ತು. ದೋಣಿಯ ಅಂಚಿಗೆ ಹೊಟ್ಟೆ ಕೊಟ್ಟು ಒಳಗೆ ಹೊರಳಿ ಬಿದ್ದ. ಅವನ ಜೊತೆ ಅರ್ಧ ಜೌಗೂ ಒಳಗೆ ಬಂತು. ಎದ್ದು ಕೂತು ಕೊರಳಿನ ದಾರ ತೆಗೆದು ಕೊಳವೆಯನ್ನು ಅಣ್ಣನ ಮುಂದೆ ಹಿಡಿದ.

"ತಗೋ. ಬಾಯಿ ಬೇಕಾಗಿಲ್ಲ, ಉಸಿರಿದ್ರೆ ಸಾಕು. ನಾನು ಕಲಿಸ್ತೀನಿ. ಜಂಬ ಮಾಡ್ಬೇಡ."

ಕ್ಲೇಬೇರ್ ಕೊಳವೆಯನ್ನು ಕೈಗೆ ತೆಗೆದುಕೊಂಡ. ತಿರುಗಿಸಿ ನೋಡಿದ. ಆಮೇಲೆ ಅದನ್ನು ಬಾಯಿಗಲ್ಲ, ಕುತ್ತಿಗೆಯ ಬುಡದ ತಗ್ಗಿಗೆ ಒತ್ತಿ ಹಿಡಿದ.

"ಇನ್ಮೇಲೆ ಉಸಿರು ಇಲ್ಲಿಂದ, ಟೀ. ಇಲ್ಲಿ ಸಿಕ್ಕಿಸ್ಲಾ?"

ಟೀ ಎಂದರೆ ಪುಟ್ಟ. ಹಬ್ಬದ ದಿನದಿಂದ ಆ ಹೆಸರಿನಿಂದ ಅವನನ್ನು ಯಾರೂ ಕರೆದಿರಲಿಲ್ಲ. ಕರೆಯುವವನು ಇವನೊಬ್ಬನೇ ಉಳಿದಿದ್ದ. ಓವೀ ಮುಖವನ್ನು ಒದ್ದೆ ತೋಳಿನಿಂದ ಒರೆಸಿ ಇನ್ನಷ್ಟು ಕೆಸರು ಮಾಡಿಕೊಂಡ. ನಾನು ಬುಟ್ಟಿಯಿಂದ ಬುದಾಂ ತೆಗೆದೆ. ಅನ್ನ, ಹಂದಿಮಾಂಸ ತುಂಬಿದ ಸಾಸೇಜು, ಇನ್ನೂ ಬೆಚ್ಚಗಿತ್ತು. ಯಾರಿಗೆ ಏನು ಹೇಳಬೇಕೆಂದು ಗೊತ್ತಾಗದಾಗ ನಮ್ಮ ಮನೆಯಲ್ಲಿ ತಿನ್ನಲು ಕೊಡುವುದು. ಇಬ್ಬರೂ ತಿಂದರು.

"ಅದು ಯಾರ ದನಿ ಅಂತ ಗೊತ್ತಾಯ್ತಾ?" ಓವೀ ತಿನ್ನುತ್ತಲೇ ಕೇಳಿದ. "ಕೊಳವೇದು."

"ಗೊತ್ತಾಯ್ತು" ಎಂದ ಕ್ಲೇಬೇರ್.

"ಒಂದು ಚಳಿಗಾಲ ಪೂರ್ತಿ ಅದರೊಳಗಿನ ನಾಲಿಗೆ ಪಟ್ಟಿ ಉಜ್ಜಿದೀನಿ ಅದಕ್ಕೆ. ಒಂದು ಕೂದಲೆಳೆ ಉಜ್ಜೋದು, ಊದೋದು. ಕೊನೇದು ಜಾರ್ಬೇಕಲ್ಲ, ಅದು ಬರ್ತಾನೇ ಇರ್ಲಿಲ್ಲ. ಬಾಯಲ್ಲಿ ನಂಗೆ ಪಾಪಾನ ಉತ್ತರ ಯಾವತ್ತೂ ಬಂದಿಲ್ಲ, ನಿಂಗೂ ಗೊತ್ತು. ಹಬ್ಬದ ದಿನ ಅದನ್ನೇ ಹೇಳೋಕೆ ಹೋದೆ. ನೀನು ಬೆನ್ನು ತೋರಿಸ್ದೆ."

ಕ್ಲೇಬೇರ್ ಬೆರಳು ನೆಕ್ಕಿಕೊಂಡು ಗೊಂಬೆ ಹೆಬ್ಬಾತುಗಳನ್ನು ನೋಡಿದ.

"ಹಬ್ಬದ ದಿನ ಕೊನೇದು ಇಷ್ಟು ಜಾರಿರ್ಲಿಲ್ಲ" ಎಂದ.

"ಆಮೇಲೂ ಉಜ್ಜಿದೀನಿ."

"ಮ್."

ನಮ್ಮ ಅಣ್ಣನಿಂದ ಅದಕ್ಕಿಂತ ದೊಡ್ಡ ಕ್ಷಮೆ ಯಾರಿಗೂ ಸಿಕ್ಕಿಲ್ಲ. ಲೊರೀನಾಳಿಗೂ ಇಲ್ಲ.

ಅಷ್ಟರಲ್ಲಿ ಗಾಳಿ ತಿರುಗಿತು. ಮೊದಲು ಕಿವಿಯ ಹಿಂದೆ ತಣ್ಣಗೆ ಮುಟ್ಟಿತು, ಆಮೇಲೆ ಜೊಂಡು ಒಂದೇ ಕಡೆಗೆ ಬಾಗಿತು. ಉತ್ತರದ ಗಾಳಿ. ಮಂಜು ಹಾಸಿಗೆಯ ಮೇಲಿನ ಹೊದಿಕೆಯನ್ನು ಯಾರೋ ಎಳೆದ ಹಾಗೆ ಸಮುದ್ರದ ಕಡೆ ಸರಿದುಹೋಯಿತು. ಜೌಗು ಪೂರ್ತಿ ಬಿಚ್ಚಿಕೊಂಡಿತು. ದೂರದ ದಿಬ್ಬದ ಮೇಲೆ ಓಕ್ ಮರಗಳು, ಕೆಸರಿನ ಅಂಚಿನಲ್ಲಿ ಚಮಚಕೊಕ್ಕಿನ ಗುಲಾಬಿ ಹಕ್ಕಿಗಳು, ನಾಮದ ಕೋಳಿಗಳ ಕರಿಯ ಸಾಲು. ಓವೀ ಗಡಿಯಾರ ನೋಡಿದ.

"ಹನ್ನೆರಡಾಯ್ತು."

ಓವೀ ತನ್ನ ಕಿರುದೋಣಿಯಿಂದ ಕೋವಿ ಎತ್ತಿಕೊಂಡ, ಇಬ್ಬರೂ ತೋಟಾ ತೆಗೆದು ಪೆಟ್ಟಿಗೆಗೆ ಹಾಕಿದರು. ಕ್ಲೇಬೇರ್ ಪೆಟ್ಟಿಗೆಯ ಮುಚ್ಚಳದ ಮೇಲೆ ಸ್ವಲ್ಪ ಹೊತ್ತು ಕೈಯಿಟ್ಟುಕೊಂಡು ಕೂತಿದ್ದ. ಬೆಳಗ್ಗೆಯಿಂದ ಒಂದು ಗುಂಡೂ ಹಾರಿಸಿರಲಿಲ್ಲ, ಒಂದು ಹಕ್ಕಿಯೂ ಅವನ ಕೂಗಿಗೆ ಬಂದಿರಲಿಲ್ಲ. ಬಂದದ್ದು ತಮ್ಮ. ಅದೇ ದೊಡ್ಡದು ಎಂದು ಹೇಳುವವರು ಹೇಳಬಹುದು. ಅವನು ಕೇಳಿದ್ದು ಹೆಬ್ಬಾತನ್ನು. ಅವನ ಮುಖದಲ್ಲಿ ಅದು ಹಾಗೇ ಇತ್ತು.

"ಹೊರಡೋಣ" ಎಂದ. "ಉತ್ತರದ ಗಾಳಿ ನೀರನ್ನ ಸಮುದ್ರಕ್ಕೆ ತಳ್ಳತ್ತೆ. ತಡ ಮಾಡಿದ್ರೆ ದೋಣಿ ಕೆಸರಲ್ಲಿ ಕೂರತ್ತೆ."

ಓವೀ ಎದ್ದು ಗೊಂಬೆಗಳ ಹಗ್ಗಕ್ಕೆ ಕೈ ಹಾಕಿದ. ನಾನು ಏಡಿಯ ದಾರ ಸುತ್ತತೊಡಗಿದೆ. ಆಗ ಉತ್ತರದಿಂದ ನಗು ಕೇಳಿಸಿತು.

ಗಾಳಿಯ ಜೊತೆಗೆ ಬಂದ ಹಿಂಡು. ಎತ್ತರದಲ್ಲಿತ್ತು, ಹರಿದ ಗೆರೆಯ ಹಾಗೆ. ಓವೀ ಹಗ್ಗ ಬಿಟ್ಟು ಕೆಳಗೆ ಕೂತ. ಕ್ಲೇಬೇರ್ ಕೈಗೂಡು ಮಾಡಿ ಕೇಳಿದ. ಅದೇ ಸೀಳು ದನಿ. ಓವೀ ಅಣ್ಣನ ಮಡಿಲಿಂದ ಕೊಳವೆ ಎತ್ತಿ ತುಟಿಗಿಟ್ಟು, ಪಾಪಾನ ದನಿಯಲ್ಲಿ, ಉತ್ತರ ಕೊಟ್ಟ.

ಹಿಂಡು ಮೌನವಾಯಿತು.

ಕ್ಲೇಬೇರ್ ಕೇಳಿದ. ಓವೀ ಉತ್ತರಿಸಿದ. ಅಣ್ಣನ ದನಿ ಸೀಳಿದ ಕಡೆ ತಮ್ಮ ತನ್ನದನ್ನು ಅದರ ಕೆಳಗೆ ತಂದು ಹಿಡಿದ, ಮುರಿದ ಕಾಲಿಗೆ ಬೊಂಬು ಕಟ್ಟಿದ ಹಾಗೆ. ಗೆರೆ ಬಾಗಿತು. ಒಂದು ಸುತ್ತು ದೂರದಿಂದ, ಒಂದು ಸುತ್ತು ಹತ್ತಿರದಿಂದ, ನಮ್ಮ ನೆತ್ತಿಯ ಮೇಲೇ ಬಂದಾಗ ರೆಕ್ಕೆಯ ಗಾಳಿಯ ಸದ್ದು ಕೇಳಿಸಿತು. ಓವೀಯ ಬಲಗೈ ತಾನಾಗಿಯೇ ಕೋವಿಯ ಕಡೆ ಹೋಗಿ, ಬರಿದು ಎಂದು ನೆನಪಾಗಿ, ಮೊಣಕಾಲ ಮೇಲೆ ಬಂದು ಕೂತಿತು. ಆಮೇಲೆ ಅವು ರೆಕ್ಕೆ ಬಿಗಿಹಿಡಿದು, ಕಿತ್ತಳೆ ಬಣ್ಣದ ಕಾಲು ಇಳಿಬಿಟ್ಟು, ಅಡ್ಡಡ್ಡ ಜಾರುತ್ತಾ, ಒಂದನ್ನೊಂದು ಬೈದುಕೊಳ್ಳುತ್ತಾ ಇಳಿದವು. ಗೊಂಬೆಗಳ ನಡುವೆ, ದೋಣಿಯಿಂದ ಹುಟ್ಟು ಚಾಚಿದರೆ ಮುಟ್ಟುವ ಹಾಗೆ. ದುರ್ಬೀನು ನನ್ನ ಕೊರಳಲ್ಲೇ ಇತ್ತು. ಬೇಕಾಗಲಿಲ್ಲ. ನಾನು ಎಷ್ಟೋ ಸುಲಿದಿದ್ದೇನೆ, ಎಷ್ಟೋ ನೋಡಿದ್ದೇನೆ. ಹಕ್ಕಿಯ ಕಣ್ಣರೆಪ್ಪೆಯ ಸುತ್ತಿನ ಬಣ್ಣವನ್ನು ಜೀವಂತವಾಗಿ ನೋಡಿದ್ದು ಅಂದೇ.

ಕ್ಲೇಬೇರ್ ಕೂಗುವುದನ್ನು ನಿಲ್ಲಿಸಲಿಲ್ಲ. ಕೂಗು ಎಂದರೆ ಕೂಗಲ್ಲ ಈಗ. ಇಳಿದ ಹಕ್ಕಿಗಳು ಮೇಯುವಾಗ ಗುಣುಗುಣು ಮಾತಾಡಿಕೊಳ್ಳುತ್ತವಲ್ಲ, ಆ ಮಾತು. ಅದಕ್ಕೆ ಹೆಚ್ಚು ದನಿ ಬೇಕಾಗುವುದಿಲ್ಲ. ಅವನು ಹೇಳುತ್ತಿದ್ದ, ಹತ್ತಿರದ ಒಂದು ಗಂಡು ಕತ್ತು ಓರೆ ಮಾಡಿ ಕೇಳಿ ಉತ್ತರಿಸುತ್ತಿತ್ತು. ಓವೀ ಕೊಳವೆಯನ್ನು ಅಂಗಿಯೊಳಗೆ ಬಿಟ್ಟುಕೊಂಡಿದ್ದ.

ನೀರು ಇಳಿಯುತ್ತಿತ್ತು. ಜೊಂಡಿನ ಬುಡದಲ್ಲಿ ಕರಿಯ ಪಟ್ಟೆ ಕಾಣತೊಡಗಿತು, ಅಗಲವಾಗುತ್ತಾ ಹೋಯಿತು. ಎಂಜಿನ್ ಶುರು ಮಾಡಿದರೆ ಹಕ್ಕಿಗಳೆಲ್ಲ ಏಳುತ್ತವೆಂದು ಯಾರೂ ಅದಕ್ಕೆ ಕೈ ಹಾಕಲಿಲ್ಲ. ದೋಣಿಯ ತಳ ಕೆಸರಿಗೆ ತಾಗಿದ್ದು ಮೂವರಿಗೂ ಕಾಲಡಿ ತಿಳಿಯಿತು.

"ಕೂತುಬಿಡ್ತು" ಎಂದು ಪಿಸುಗುಟ್ಟಿದ ಓವೀ. "ಇನ್ನು ಗಾಳಿ ನಿಲ್ಲೋ ತನಕ ಹೊರಡೋಕಾಗಲ್ಲ. ಲೊರೀನಾ ನಮ್ಮನ್ನ ಕೊಲ್ತಾಳೆ. ಮಂಗಳವಾರದೊಳಗೆ ನೀರು ವಾಪಸ್ ಬರತ್ತೆ ಅಂತೀಯಾ?"

"ಬರದಿದ್ರೂ ನನ್ನ ಅಭ್ಯಂತರ ಇಲ್ಲ" ಎಂದ ಕ್ಲೇಬೇರ್, ತಲೆ ತಿರುಗಿಸದೆ. ಎದುರಿನ ಗಂಡು ಏನೋ ಕೇಳಿ ಕಾಯುತ್ತಿತ್ತು. ಅವನು ಗಂಟಲು ಸರಿಮಾಡಿಕೊಂಡು ಅದಕ್ಕೆ ಉತ್ತರ ಹೇಳಿದ.